ಅಲ್ ಖೋರಿನ ಜನರಲ್ ಸಾಹೇಬರು

ಹೂಗಾರ ಸಾಹೇಬರು ತಮ್ಮ ಬಗ್ಗೆ ಹೇಳುವಾಗ 'ನಾನು' ಎನ್ನುತ್ತಿರಲಿಲ್ಲ. "ಹೂಗಾರಗ ಚಾ ಬ್ಯಾಡ, ಹೂಗಾರ ಈಗಷ್ಟ ಕುಡದಾನ" ಎನ್ನುವರು. ಇದನ್ನು ಕಲಿತದ್ದು ಫ್ರಾನ್ಸಿನ ಆ ಉದ್ದ ಮೂಗಿನ ಜನರಲ್‌ನಿಂದ. ದೇಶ ಯುದ್ಧದಲ್ಲಿ ಸೋತು ಕೂತಾಗ ಲಂಡನ್ನಿನ ರೇಡಿಯೋದಲ್ಲಿ ಗುಡುಗಿ, ಮುಂದೆ ಅಧ್ಯಕ್ಷನಾದ ಆ ಮನುಷ್ಯನೂ ತನ್ನನ್ನು ಹೆಸರು ಹಿಡಿದೇ ಕರೆದುಕೊಳ್ಳುತ್ತಿದ್ದನಂತೆ. ಅವನು ಆರಡಿ ಮೀರಿದ ಆಳು; ನಮ್ಮ ಸಾಹೇಬರಿಗೆ ಮೈಕು ತಗ್ಗಿಸಬೇಕಿತ್ತು. ಉಳಿದಂತೆ ಇಬ್ಬರೂ ಒಂದೇ ಎಂದು ಅವರ ಅಭಿಪ್ರಾಯ.

ಬಾಗಲಕೋಟೆ ಕಡೆಯವರು, ದೋಹಾದಾಚೆ ಅಲ್ ಖೋರಿನ ಕಡೆ ಗ್ಯಾಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್. ಫ್ರೆಂಚ್ ಬಾಸ್ ಬಿಟ್ಟುಹೋದ ಜನರಲ್‌ನ ಜೀವನಚರಿತ್ರೆ ಓದಿ ಕೆಟ್ಟರು. ನಮ್ಮ ಕನ್ನಡ ಬಳಗಕ್ಕೆ ಅವರೇ ಕಾಯಂ ಅಧ್ಯಕ್ಷರಾದ್ದರಿಂದ ಪ್ರತಿ ರಾಜ್ಯೋತ್ಸವದಲ್ಲೂ ಜನರಲ್‌ನ ಕೊಡುಗೆಯ ಮರುಮೌಲ್ಯಮಾಪನ ಮುಗಿದ ಮೇಲೆಯೇ ಊಟ. ಸಾಹೇಬರ ಪ್ರಕಾರ ಜನರಲ್ ರಕ್ತ ಹರಿದ ಮೇಲೆ ಅಲ್ಜೀರಿಯ ಬಿಟ್ಟದ್ದು ಔದಾರ್ಯ, ಬೀದಿಗಿಳಿದ ವಿದ್ಯಾರ್ಥಿಗಳದ್ದು ತಲೆಹರಟೆ. ಭುವನೇಶ್ವರಿ ತಾಯಿಯೂ ಪಾಪ, ಹಾರ ಹಾಕಿಸಿಕೊಂಡು ಕೇಳುತ್ತಿದ್ದಳು.

ಒಮ್ಮೆ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಬಳಗದ ಸಭೆ. ಅಲ್ಲೇ ಅಂಗಡಿಯಿಟ್ಟಿದ್ದ ಉಳ್ಳಾಲದ ಇಸ್ಮಾಯಿಲ್ ಎದ್ದು ನಿಂತ.

"ನಿಮ್ಮ ಜನರಲ್ ಕೊನೆಗೆ ವೋಟಲ್ಲಿ ಸೋತು ಮನೆಗೆ ಹೋದದ್ದಲ್ವಾ ಸಾರ್? ನಮ್ಮಲ್ಲಿ ವೋಟು ಯಾವಾಗ ಮಾರಾಯ್ರೆ?"

"ಅದು ಎರಡನೇ ಸಲ," ಎಂದರು ಸಾಹೇಬರು. "ಮೊದಲನೇ ಸಲ ತಾನ ರಾಜೀನಾಮೆ ಒಗದು ಹಳ್ಯಾಗ ಕುಂತಿದ್ದ. ದೇಶಾನ ಹೋಗಿ ಕರಕೊಂಡು ಬಂತು. ತೊಗೊ, ಹೂಗಾರನೂ ಒಗದ. ಖಲಾಸ್."

ಅಲ್ ಖೋರಿನ ಮನೆಯಲ್ಲಿ ಕುಳಿತು ಕರೆಗಾಗಿ ಕಾದರು. ದೇಶ ಕರೆಯಲು ಹೋಗಲಿಲ್ಲ. ಇಸ್ಮಾಯಿಲ್ ಅಧ್ಯಕ್ಷನಾದ, ಭಾಷಣಗಳು ಬೇಗ ಮುಗಿದು ನಮಗೆ ಬಿಸಿ ಅನ್ನ ಸಿಗತೊಡಗಿತು. ಇತಿಹಾಸ ಇಷ್ಟು ರುಚಿಯಾಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ರಾಜ್ಯೋತ್ಸವದ ಹೊತ್ತಿಗೆ ನಾನು ಫೋನ್ ಮಾಡಿ, ಬಳಗದ ವಿಷಯ ಮಾತಾಡಲಿಕ್ಕಿದೆ, ಶುಕ್ರವಾರ ಬರುತ್ತೇನೆ ಎಂದೆ. ಹೋದರೆ ಸಾಹೇಬರು ಸೂಟು ತೊಟ್ಟು, ಟೈ ಕಟ್ಟಿ ಬಾಗಿಲಲ್ಲೇ ನಿಂತಿದ್ದಾರೆ. ಟೇಬಲ್ ಮೇಲೆ ಕಮಿಟಿಗೆಲ್ಲ ಸಾಲುವಷ್ಟು ಪೇಡೆ.

"ಉಳದವ್ರು ಕೆಳಗ ಕಾರಿನ್ಯಾಗ ಅದಾರೇನು? ಮ್ಯಾಲ ಕರಿ."

"ನಾನೊಬ್ಬನೇ ಸಾರ್. ಬಾವುಟ ಇಟ್ಟ ಕಪಾಟಿನ ಕೀಲಿ ನಿಮ್ಮ ಹತ್ರ ಉಳಿದಿತ್ತಲ್ಲ, ಅದು ಬೇಕಿತ್ತು."

ಹೇಳುತ್ತಲೇ ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಅವರು ತಮ್ಮ ಗೊಂಚಲಿನಿಂದ ಕೀಲಿ ಬಿಡಿಸಲು ಬಹಳ ಹೊತ್ತು ತೆಗೆದುಕೊಂಡರು. "ಬಾಗಲಾ ಸ್ವಲ್ಪ ಎತ್ತಿ ಕೀಲಿ ತಿರುವಬೇಕು. ಇಸ್ಮಾಯಿಲಗ ಹೇಳು."

ಅದೇ ಕೊನೆಯ ಭೇಟಿ. ಮುಂದಿನ ತಿಂಗಳು ಕೆಲಸ ಮುಗಿಸಿ ಊರಿಗೆ ಹೋಗಿಬಿಟ್ಟರು. ಅಂದು ನಾನು ಹೊರಟಾಗ ಪೇಡೆಯ ಡಬ್ಬಿಯನ್ನು ಕೈಗಿತ್ತು ಹೇಳಿದರು: "ಎಲ್ಲಾರಿಗೂ ಕೊಡು. ಹೂಗಾರ ಕೊಟ್ಟಾನ ಅಂತ ಹೇಳಬ್ಯಾಡ."