ಉಪ್ಪು ನೋಡಿ ಹೇಳಿ

ಮೊನ್ನೆ ಮಧ್ಯಾಹ್ನ ಗಂಜಿ ಉಕ್ಕಿ ಗ್ಯಾಸ್ ಒಲೆಯ ಮೇಲೆಲ್ಲ ಚೆಲ್ಲಿತು. ಹೆಂಡತಿ ಮಗಳ ಬಾಣಂತನಕ್ಕೆಂದು ಕುಮಟೆಗೆ ಹೋಗಿದ್ದಾಳೆ. ಸದ್ಯಕ್ಕೆ ಅಡುಗೆಮನೆಗೆ ನಾನೇ ಯಜಮಾನ. ಪೇಪರು ಓದುತ್ತ ಕೂತವನಿಗೆ ಮೊದಲು ಸುಯ್ಯೆಂಬ ಸದ್ದು ಕೇಳಿತು, ಹಿಂದೆಯೇ ಕುಚ್ಚಲಕ್ಕಿ ತಿಳಿ ಬೆಂಕಿಗೆ ಬಿದ್ದು ಸೀದ ವಾಸನೆ ಬಂತು. ಓಡಿಹೋಗಿ ಒಲೆ ಆರಿಸಿದೆ. ಒರೆಸಲೆಂದು ಬಟ್ಟೆ ಎತ್ತಿಕೊಂಡವನು ಹಾಗೇ ನಿಂತುಬಿಟ್ಟೆ. ಆ ವಾಸನೆ ನಮ್ಮ ಮನೆಯದಲ್ಲ, ಅಕ್ಕೋರ ಮನೆಯದು...

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ನಾನೇನೂ ಅವರ ಕೈಯಲ್ಲಿ ಕಲಿತವನಲ್ಲ. ಕೊಂಕಣ ರೈಲು ಹೊಸದಾಗಿ ಓಡಲು ಶುರುವಾದ ಕಾಲಕ್ಕೆ ನಾನು ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ ಎಸ್.ಟಿ.ಡಿ. ಬೂತ್ ಹಾಕಿದಾಗ ಅವರು ಆಗಲೇ ರಿಟೈರಾಗಿದ್ದರು. ನನ್ನ ಬೂತಿನ ಬೆನ್ನಿಗೇ ಅವರ ಹಂಚಿನ ಮನೆ. ಮನೆಯ ಹಿಂದೆ, ಅವರ ತಂದೆಯ ಕಾಲದಲ್ಲಿ ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಉದ್ದನೆಯ ಕೊಟ್ಟಿಗೆಯೊಂದಿತ್ತು. ಅದರಲ್ಲಿ ಕಾಯಿಯ ಬದಲು ಮನುಷ್ಯರಿರುತ್ತಿದ್ದರು. ಸರಕಾರಿ ಆಸ್ಪತ್ರೆಗೆಂದು ಬಂದು ಗೇರುಸೊಪ್ಪೆಯ ಕೊನೆಯ ಬಸ್ಸು ತಪ್ಪಿಸಿಕೊಂಡವರು, ಯಾವುದೋ ರೈಲು ಹತ್ತಿ ಯಾವುದೋ ಊರಲ್ಲಿ ಇಳಿದ ತಲೆ ಸರಿಯಿಲ್ಲದವರು, ಮಕ್ಕಳು ಹೊರಗೆ ಹಾಕಿದ ಮುದುಕಿಯರು. ಒಂದು ರಾತ್ರಿಗೆಂದು ಬಂದವರು ಒಂದು ಮಳೆಗಾಲ ಇದ್ದದ್ದೂ ಉಂಟು.

ಗಂಜಿ ದಿನಾ ಉಕ್ಕುತ್ತಿತ್ತು. ಯಾಕೆಂದರೆ ಒಲೆಯ ಮೇಲೆ ಟೋಪು ಇಟ್ಟು ಅಕ್ಕೋರು ಬಸ್ ಸ್ಟ್ಯಾಂಡಿಗೊಂದು ಸುತ್ತು ಹೊರಡುತ್ತಿದ್ದರು. ಸೀದ ವಾಸನೆ ಬೂತಿನೊಳಗೆ ಬಂದರೆ ನಾನೇ ಹೋಗಿ ಕಟ್ಟಿಗೆ ಹಿಂದಕ್ಕೆ ಎಳೆಯುತ್ತಿದ್ದೆ. ಅಕ್ಕಿಯ ಚಿಂತೆ ಅವರಿಗೆ ಅಷ್ಟಾಗಿ ಇರಲಿಲ್ಲ. ಭಟ್ಕಳದ ಸಾಹೇಬರೊಬ್ಬರು ಬಸ್ಸಿನ ಟಾಪಿನ ಮೇಲೆ ಮೂಟೆ ಕಳಿಸುತ್ತಿದ್ದರು, ದೋಣಿಯವರು ಮೀನು ಸಿಕ್ಕಿದ ದಿನ ಒಂದು ಪಾಲು ಬಂಗಡೆ ಜಗಲಿಯ ಮೇಲೆ ಸುರಿದು ಹೋಗುತ್ತಿದ್ದರು. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಆಡಿಕೊಂಡವರೂ ಇದ್ದರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿ, ಮಕ್ಕಳಿಲ್ಲದ ಹೆಂಗಸು ಮಾರಿಯಾಗಬೇಕೆಂದರೂ ಮನೆಯಲ್ಲಿ ಇನ್ನೊಂದು ಜೀವ ಇರಬೇಕಲ್ಲ!

ಅವರದೊಂದು ವಿಚಿತ್ರ ನೇಮವಿತ್ತು. ಯಾರನ್ನೂ ‘ಊಟ ಆತಾ?’ ಎಂದು ಕೇಳುತ್ತಿರಲಿಲ್ಲ. ನಮ್ಮಲ್ಲಿ ದಾರಿಯಲ್ಲಿ ಎದುರಾದವರಿಗೆ ಕೇಳುವ ಮೊದಲ ಮಾತೇ ಅದು. ‘ಆತು’ ಎನ್ನುವುದೇ ಅದಕ್ಕೆ ಉತ್ತರ. ಹೊಟ್ಟೆಗೆ ಬಿದ್ದಿರಲಿ ಬಿಡಲಿ, ಆತು. ಅಕ್ಕೋರು ಮಾತ್ರ ಸೌಟಿನಲ್ಲಿ ಒಂದಿಷ್ಟು ಸಾರು ಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆದುಬಂದು, ಗುರುತು ಪರಿಚಯವಿಲ್ಲದವರ ಎದುರು ನಿಂತು, “ಒಂಚೂರು ಉಪ್ಪು ನೋಡಿ ಹೇಳಿ ಮಾರಾಯ್ರೆ, ನನ್ನ ನಾಲಿಗೆಗೆ ರುಚಿಯೇ ತಿಳಿಯೂದಿಲ್ಲ” ಎನ್ನುತ್ತಿದ್ದರು. ವಯಸ್ಸಾದ ಹೆಂಗಸು ಸಹಾಯ ಕೇಳಿದರೆ ಯಾರು ಇಲ್ಲವೆನ್ನುತ್ತಾರೆ? ಅಂಗೈ ಒಡ್ಡುತ್ತಿದ್ದರು. ನೆಕ್ಕಿ ನೋಡಿ ಸರಿ ಇದೆ ಎಂದರೆ ಬಿಡುತ್ತಿರಲಿಲ್ಲ. “ಬರೀ ಸಾರಲ್ಲಿ ಎಂತ ಗೊತ್ತಾಗ್ತದೆ? ಅನ್ನದ ಸಂಗಡ ನೋಡ್ಬೇಕು, ಬನ್ನಿ.” ಹಾಗೆ ಉಪ್ಪು ನೋಡಲು ಹೋದವರು ಎಲೆಯ ಮುಂದೆ ಕೂತಿರುತ್ತಿದ್ದರು.

“ನಿಮ್ಮ ನಾಲಿಗೆಗೆ ಯಾವ ರೋಗ ಅಕ್ಕೋರೆ? ಡಾಕ್ಟರಿಗೆ ತೋರ್ಸಿ” ಎಂದು ಒಮ್ಮೆ ತಮಾಷೆ ಮಾಡಿದೆ. ಅವರು ನಗಲಿಲ್ಲ. ಹೆಬಳೆ ಎಂಬ ಹಳ್ಳಿಯ ಶಾಲೆಯಲ್ಲಿದ್ದಾಗಿನ ಮಾತೊಂದನ್ನು ಹೇಳಿದರು. ಮಧ್ಯಾಹ್ನದ ಬಿಡುವು ಮುಗಿಸಿ ಬಂದ ಹುಡುಗಿಗೆ ಊಟ ಆತಾ ಎಂದು ಕೇಳಿದ್ದರಂತೆ. ‘ಆತು ಅಕ್ಕೋರೆ’ ಎಂದಿತಂತೆ ಮಗು. ತುಟಿ ಒದ್ದೆಯಾಗಿತ್ತು, ಉಂಡು ಬಾಯಿ ತೊಳೆದು ಬಂದಿದೆ ಎಂದುಕೊಂಡರು. ಮಗ್ಗಿ ಹೇಳುತ್ತ ಹೇಳುತ್ತಲೇ ಅದು ನೆಲಕ್ಕೆ ಬಿತ್ತು. ಬಾವಿಯ ನೀರು ಕುಡಿದು ಬಂದಿತ್ತಂತೆ. “ಆ ಮಗು ಸುಳ್ಳು ಹೇಳ್ಲಿಲ್ಲ ತಮಾ. ಹಾಂಗೆ ಕೇಳಿ ನಾನೇ ಅದರ ಬಾಯಲ್ಲಿ ಸುಳ್ಳು ಹೇಳಿಸ್ದೆ” ಎಂದರು.

ಒಂದು ಆಷಾಢದಲ್ಲಿ ಇಸ್ತ್ರಿ ಮಾಡಿದ ಅಂಗಿಯ ನಡುವಯಸ್ಸಿನವನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಕೂತಿರಲು ಶುರುಮಾಡಿದ. ಕುಮಟೆಯ ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಬಸ್ಸು ಹೋದ ಮೇಲೆ ಕೂರುತ್ತಿದ್ದ. ನನ್ನ ಬೂತಿಗೂ ಬಂದು ರಿಸೀವರ್ ಎತ್ತಿ, ನಂಬರು ಒತ್ತದೆ ಇಟ್ಟು ಹೋಗಿದ್ದ. ಊಟ ಆತಾ ಎಂದೆ. “ಆತು, ಈಗಷ್ಟೇ” ಎಂದ. ಅಂಗಿಯ ಮೇಲಿನ ಇಸ್ತ್ರಿಯ ಗೆರೆ ಅಳಿಸುತ್ತ ಬಂದರೂ ಅವನ ಉತ್ತರ ಬದಲಾಗಲಿಲ್ಲ. ಕೊನೆಗೆ ಅಕ್ಕೋರ ಸೌಟು ಅವನ ಮುಂದೆ ಬಂತು. ಅಂಗೈಯಲ್ಲಿದ್ದ ಸಾರು ನಾಲಿಗೆಗೆ ತಾಗಿದ್ದೇ ಅವನ ಮುಖ ನೋಡಲಾಗಲಿಲ್ಲ. ನಾನು ಬೂತಿನ ಗಾಜು ಒರೆಸುವವನಂತೆ ಆಚೆ ತಿರುಗಿದೆ.

ಮುಂಬಯಿಯಲ್ಲಿ ಅವನು ಕೆಲಸಕ್ಕಿದ್ದ ಹೋಟೆಲು ಮುಚ್ಚಿತ್ತು. ಕುಮಟೆಯ ಹತ್ತಿರದ ಹಳ್ಳಿಯಲ್ಲಿ ಹೆಂಡತಿ ಮಕ್ಕಳಿದ್ದರು. ಆದರೆ ರೈಲು ಕುಮಟಾ ಸ್ಟೇಷನ್ನಿನಲ್ಲಿ ನಿಂತಾಗ ಬರಿಗೈಯಲ್ಲಿ ಇಳಿಯಲು ಕಾಲೇಳದೆ ಮುಂದೆ ಬಂದು ಹೊನ್ನಾವರದಲ್ಲಿ ಇಳಿದಿದ್ದ. ಅಕ್ಕೋರು ಬುದ್ಧಿ ಹೇಳುವ ಗೊಡವೆಗೆ ಹೋಗಲಿಲ್ಲ. ಕೆಲವು ದಿನ ಕೊಟ್ಟಿಗೆಯಲ್ಲಿಟ್ಟುಕೊಂಡು ಸೋರುವ ಹಂಚು ಸರಿಮಾಡಿಸಿದರು. ಆಮೇಲೆ ಇಡಗುಂಜಿಯ ದೇವಸ್ಥಾನಕ್ಕೆ ಕಳಿಸಿ ಕೈಮುಗಿದು ಬರಲು ಹೇಳಿದರು. ಪಂಚಕಜ್ಜಾಯದ ಪೊಟ್ಟಣ ಹಿಡಿದು ಬಂದವನಿಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟು, “ಹರಕೆ ಇತ್ತು, ದೇವರ ಕಂಡು ಬಂದೆ ಅಂತ ಹೇಳು. ಸುಳ್ಳು ಹೇಳೂದಾದ್ರೆ ಅರ್ಧ ಆದ್ರೂ ನಿಜ ಇರ್ಬೇಕು” ಎಂದು ಕುಮಟೆಯ ಬಸ್ಸು ಹತ್ತಿಸಿದರು. ಸ್ವಲ್ಪ ದಿನದ ಮೇಲೆ ನನ್ನ ಬೂತಿಗೊಂದು ಫೋನು ಬಂತು. “ಮನೆ ಮುಟ್ಟಿದೆ. ಅಕ್ಕೋರಿಗೆ ಹೇಳಿ, ಉಪ್ಪು ಸರಿ ಇತ್ತು” ಎಂದಷ್ಟೇ ಹೇಳಿ ಇಟ್ಟ. ಸುದ್ದಿ ಮುಟ್ಟಿಸಿದಾಗ ಅಕ್ಕೋರು ಸೆರಗಿನಿಂದ ಮುಖ ಒರೆಸಿಕೊಂಡು ಒಲೆ ಊದಲು ಹೋದರು.

ಇಷ್ಟೆಲ್ಲ ಬಲ್ಲ ಹೆಂಗಸು ತನ್ನ ವಿಷಯ ಬಂದಾಗ ಮಾತ್ರ ಮಹಾ ಕಳ್ಳಿ. ಚಾ ಕುಡಿಯಿರಿ ಎಂದರೆ “ಆತು ತಮಾ, ಈಗಷ್ಟೇ ಆತು.” ಹಬ್ಬಕ್ಕೆ ಊಟಕ್ಕೆ ಕರೆದರೂ ಅದೇ ಆತು. ಕೊಡುವ ಕೈಗೆ ಒಡ್ಡುವುದು ಗೊತ್ತಿರಲಿಲ್ಲ.

ಚಿಕೂನ್‌ಗುನ್ಯಾ ಊರಿಡೀ ಹಬ್ಬಿದ ವರ್ಷ ಒಂದು ಬೆಳಿಗ್ಗೆ ಬೂತಿನಲ್ಲಿ ಕೂತವನಿಗೆ ಏನೋ ಕಡಿಮೆಯಾದಂತೆ ಅನಿಸಿತು. ಸೀದ ವಾಸನೆ ಇರಲಿಲ್ಲ. ಹೋಗಿ ನೋಡಿದರೆ ಅಕ್ಕೋರು ಚಾಪೆಯ ಮೇಲೆ ಬಿದ್ದಿದ್ದರು, ಬೆರಳು ಮಡಚಲೂ ಬಾರದಷ್ಟು ಕೀಲುನೋವು. ಜ್ವರಕ್ಕೆ ಹೆದರಿ ಕೊಟ್ಟಿಗೆಯವರೂ ಚದುರಿ ಹೋಗಿದ್ದರು. ಒಲೆಯಲ್ಲಿ ನಿಜವಾಗಿಯೂ ಬೆಕ್ಕು ಮಲಗಿತ್ತು. ಆದರೂ ಊಟ ಆತಾ ಎಂದದ್ದಕ್ಕೆ ಆತು ಎಂದರು! ಡಾಕ್ಟರನ್ನು ಕರೆತಂದೆ. ಹೊಟ್ಟೆಗೆ ಏನೂ ಇಲ್ಲದೆ ಮಾತ್ರೆ ಕೊಡುವ ಹಾಗಿಲ್ಲ, ಹೀಗೇ ಬಿಟ್ಟರೆ ಈ ವಯಸ್ಸಿನಲ್ಲಿ ಉಳಿಯುವುದು ಕಷ್ಟ ಎಂದು ಅವರು ನನ್ನನ್ನು ಹೊರಗೆ ಕರೆದು ಹೇಳಿದರು. ನನ್ನ ಹೆಂಡತಿ ಗಂಜಿ ತಂದಳು. “ಆಮೇಲೆ ಉಣ್ತೆ, ಅಲ್ಲಿಡು” ಎಂದರು. ಸಂಜೆ ನೋಡಿದರೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಪಕ್ಕದ ಹೋಟೆಲಿನವರ ಇಡ್ಲಿ ಕಾಗೆಯ ಪಾಲಾಯಿತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಊರಿಗೆಲ್ಲ ಉಣಿಸಿದ ಹೆಂಗಸು ಹಸಿದು ಸಾಯುವುದೆಂದರೆ ಎಂತ ನ್ಯಾಯ?

ಮರುದಿನ ನಾನೇ ಒಲೆಯ ಮುಂದೆ ನಿಂತೆ. ಜನ್ಮದಲ್ಲಿ ಮೊದಲ ಸಲ ಗಂಜಿ ಬೇಯಿಸಿ, ಸೌಟಿನಲ್ಲಿ ಒಂದಿಷ್ಟು ಹಿಡಿದುಕೊಂಡು ಹೋದೆ.

“ಅಕ್ಕೋರೆ, ಹೆಂಡ್ತಿ ಕುಮಟೆಗೆ ಹೋಗಿದ್ದಾಳೆ. ಗಂಜಿ ನಾನೇ ಮಾಡ್ದೆ. ಒಂಚೂರು ಉಪ್ಪು ನೋಡಿ ಹೇಳಿ.”

ಹೆಂಡತಿ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ಇರಲಿ, ಗಂಜಿ ನಾನು ಮಾಡಿದ್ದು ಅರ್ಧ ನಿಜ ತಾನೇ? ಅಕ್ಕೋರು ನನ್ನನ್ನೂ ಸೌಟನ್ನೂ ತುಂಬ ಹೊತ್ತು ನೋಡಿದರು. ತುಟಿಯ ಮೂಲೆಯಲ್ಲಿ ನಗು ಬಂತು. “ಕಳ್ಳ” ಎಂದು ಬಾಯಿ ತೆರೆದರು.

“ಜಾಸ್ತಿ ಆತು ತಮಾ.”

“ಬರೀ ತಿಳಿಯಲ್ಲಿ ಎಂತ ಗೊತ್ತಾಗ್ತದೆ? ಅಗುಳಿನ ಸಂಗಡ ನೋಡಿ” ಎಂದೆ. ಹೆಂಡತಿ ಬಟ್ಟಲು ತಂದಳು. ನಾನು ಚಮಚೆಯಲ್ಲಿ ಕೊಡುತ್ತ ಹೋದೆ, ಅವರು ಜಾಸ್ತಿ ಆತು, ಜಾಸ್ತಿ ಆತು ಎನ್ನುತ್ತಲೇ ಬಟ್ಟಲು ಖಾಲಿ ಮಾಡಿದರು. ಆಮೇಲೆ ಮಾತ್ರೆ ನುಂಗಿದರು. ಅವರು ಎದ್ದು ಓಡಾಡುವವರೆಗೂ ನಾನು ದಿನಾ ಉಪ್ಪು ನೋಡಿಸಲು ಹೋಗುತ್ತಿದ್ದೆ. ಒಂದು ದಿನವೂ ಸರಿ ಇದೆ ಎನ್ನಲಿಲ್ಲ ಪುಣ್ಯಾತ್ಗಿತ್ತಿ.

ಅದಾದ ಮೇಲೂ ಕೆಲವು ವರ್ಷ ಅಕ್ಕೋರ ಗಂಜಿ ಉಕ್ಕಿತು. ಆಮೇಲೆ ನಿದ್ದೆಯಲ್ಲೇ ಹೋದರು. ಕೊಟ್ಟಿಗೆ ಇದ್ದಲ್ಲಿ ಈಗ ಮೊಬೈಲಿನ ಅಂಗಡಿಗಳಿವೆ, ನನ್ನ ಬೂತಿನ ಕಾಲವೂ ಮುಗಿದಿದೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ. ನನಗೂ ಮುಪ್ಪು ಬಂತು, ನೆನಪು ಹೋಗಲಿಲ್ಲ...

ಒಲೆ ಒರೆಸುತ್ತಿದ್ದಾಗ ಫೋನು ರಿಂಗಾಯಿತು. ಕುಮಟೆಯಿಂದ ಹೆಂಡತಿ.

“ಊಟ ಆತಾ?”

ತಳ ಹಿಡಿದ ಪಾತ್ರೆ ಎದುರಿಗೇ ಇತ್ತು. “ಆತು” ಎಂದೆ. ಅವಳು ನಂಬಿದಳು, ಮೊಮ್ಮಗಳ ಸುದ್ದಿ ಹೇಳತೊಡಗಿದಳು. ನಾನು ಹೂಂಗುಡುತ್ತ ಹಿತ್ತಿಲ ಬಾಗಿಲ ಕಡೆ ನೋಡುತ್ತ ನಿಂತೆ. ಸೌಟು ಹಿಡಿದುಕೊಂಡು ಯಾರೂ ಬರಲಿಲ್ಲ.