ಫೋರ್ಡ್ ಧನಂಜಯನ ಎಂಟು ಏಟು

ಧನಂಜಯ ಆ ಮನುಷ್ಯನಿಗೆ ಎಂಟು ಏಟು ಹೊಡೆದ. ಎಣಿಸಿದ್ದು ನಾನಲ್ಲ, ಈ ದೇಶದ ಕನ್ನಡಿಗರೆಲ್ಲ ಎಣಿಸಿದ್ದಾರೆ. ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ಆ ವಿಡಿಯೋ ನಮ್ಮ ಮೌಂಟ್ ರಾಸ್ಕಿಲ್‌ನಿಂದ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ವರೆಗೆ ಒಂದೇ ವಾರದಲ್ಲಿ ಹರಿದಾಡಿತು. ಮೊದಲ ಏಟಿಗೆ ಕಳ್ಳನ ಮಣಿಕಟ್ಟು ಮುರಿಯುತ್ತದೆ, ಮೂರನೆಯದಕ್ಕೆ ದವಡೆ. ಜನ ಊಟ ಮಾಡುತ್ತ ಅದನ್ನು ನೋಡಿದರು, ‘ಭೇಷ್’ ಎಂದರು, ಮಕ್ಕಳನ್ನು ಕರೆದು ತೋರಿಸಿದರು. ಆ ವಿಡಿಯೋಗೆ ದನಿ ಇಲ್ಲ. ನಾನು ಆಗ ಅಂಗಡಿಯ ಬಾಗಿಲಲ್ಲೇ ನಿಂತಿದ್ದೆ. ನನಗೆ ಕೇಳಿಸಿದ್ದು ಯಾರ ಫೋನಿನಲ್ಲೂ ಇಲ್ಲ.

ನನ್ನ ಹೆಸರು ಲೀಲಾವತಿ. ಧನಂಜಯನ ಬಾಡಿಗೆ ಮನೆಯ ಹಿಂದೆಯೇ ಇರುವ ಎರಡು ಕೋಣೆಗಳ ಮನೆ ನನ್ನದು. ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ, ಓಡಾಟ ಬಸ್ಸಿನಲ್ಲಿ. ನಾಲಗೆ ಸ್ವಲ್ಪ ಚುರುಕು ಎಂದು ಜನ ಹೇಳುತ್ತಾರೆ, ಸುಳ್ಳಲ್ಲ.

ಧನಂಜಯ ಮೈಸೂರಿನವನು, ನಲವತ್ತೆರಡು ವರ್ಷ, ಮೋಟು ಕುತ್ತಿಗೆ, ದಪ್ಪ ಮುಂಗೈ. ಚೆನ್ನೈ ಹತ್ತಿರದ ಫೋರ್ಡ್ ಕಾರ್ಖಾನೆಯಲ್ಲಿ ಹದಿನೇಳು ವರ್ಷ ದುಡಿದವನು. ಭಾರತದಲ್ಲಿ ಗಾಡಿ ಮಾಡುವುದನ್ನು ನಿಲ್ಲಿಸುತ್ತೇವೆ ಎಂದು ಕಂಪನಿ ೨೦೨೧ರಲ್ಲಿ ಹೇಳಿತು, ಮರುವರ್ಷ ಕೊನೆಯ ಇಕೋಸ್ಪೋರ್ಟ್ ಕಾರು ಹೊರಬಂತು. ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತದ್ದನ್ನು ಅವನೇ ನನಗೆ ಹೇಳಿದ್ದ. ಆಮೇಲೆ ಹೆಂಡತಿ ಕೃಪಾಳನ್ನು ಕರೆದುಕೊಂಡು ಇಲ್ಲಿಗೆ ಬಂದು, ಏವನ್‌ಡೇಲ್‌ನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದ. ಇನ್ನೊಬ್ಬನಾಗಿದ್ದರೆ ಕೆಲಸ ಕಿತ್ತುಕೊಂಡ ಕಂಪನಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ಇವನು ಬಂದು ಮೂರು ತಿಂಗಳಿಗೇ ಒಂದು ಹಳೆಯ ಕಡುನೀಲಿ ಫೋರ್ಡ್ ಫಾಲ್ಕನ್ ಕಾರು ಕೊಂಡ.

ಅವನ ಹತ್ತಿರ ಮಾತಿಗೆ ಕುಳಿತರೆ ಮುಗಿಯಿತು. ೧೯೦೩ರಲ್ಲಿ ಡೆಟ್ರಾಯಿಟ್‌ನಲ್ಲಿ ಕಂಪನಿ ಶುರುವಾದದ್ದರಿಂದ ಹಿಡಿದು, ೧೯೨೬ರಲ್ಲಿ ಮುಂಬೈಗೆ ಬಂದದ್ದು, ಐವತ್ತರ ದಶಕದಲ್ಲಿ ಎದ್ದು ಹೋದದ್ದು, ೧೯೯೫ರಲ್ಲಿ ಮತ್ತೆ ಬಂದದ್ದು, ಎಲ್ಲವನ್ನೂ ಮನೆತನದ ಕಥೆಯಂತೆ ಹೇಳುತ್ತಿದ್ದ. ಇಲ್ಲಿನ ಲೋವರ್ ಹಟ್‌ನಲ್ಲಿ ಐವತ್ತು ವರ್ಷ ಫೋರ್ಡ್ ಜೋಡಿಸಿದ ಕಾರ್ಖಾನೆ ೧೯೮೮ರಲ್ಲಿ ಮುಚ್ಚಿದ್ದೂ, ಆಸ್ಟ್ರೇಲಿಯಾದಲ್ಲಿ ಕೊನೆಯ ಫಾಲ್ಕನ್ ೨೦೧೬ರಲ್ಲಿ ಇಳಿದದ್ದೂ ಅವನ ಬಾಯಲ್ಲೇ ಇತ್ತು. ಭಾನುವಾರ ಅವನ ಗಾಡಿಯಲ್ಲಿ ಏವನ್‌ಡೇಲ್ ಸಂತೆಗೆ ಸೊಪ್ಪು ತರಲು ಹೋದರೂ ಯಾರೋ ಒಬ್ಬ ಬಿಳಿಯ ಮುದುಕ ಫಾಲ್ಕನ್ ನೋಡಿ ನಿಂತುಬಿಡುತ್ತಿದ್ದ. ತನ್ನಪ್ಪನ ಹತ್ತಿರ ಇಂಥದ್ದೇ ಇತ್ತು, ಆರು ಲಕ್ಷ ಕಿಲೋಮೀಟರ್ ಓಡಿತ್ತು, ಫೋರ್ಡಿನ ಎದುರಾಳಿ ಹೋಲ್ಡನ್ ಕಾರು ಇಟ್ಟುಕೊಂಡಿದ್ದ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದ ಎಂದೆಲ್ಲ ಹೇಳುತ್ತಿದ್ದ. ಇಬ್ಬರೂ ಬಾನೆಟ್ ಎತ್ತಿ ತಲೆ ಒಳಗೆ ಹಾಕಿ ನಿಂತರೆ ನನ್ನ ಸೊಪ್ಪು ಬಾಡಬೇಕು.

ಬೀದಿಯ ಮೂಲೆಯಲ್ಲಿ ಶೌಕತ್‌ನ ಡೇರಿ. ಇಲ್ಲಿ ಡೇರಿ ಎಂದರೆ ಹಾಲು, ಬ್ರೆಡ್ಡು, ಸಿಗರೇಟು ಸಿಗುವ ಕಿರಾಣಿ ಅಂಗಡಿ. ಶೌಕತ್ ಹುಬ್ಬಳ್ಳಿಯವನು, ಐವತ್ತು ದಾಟಿತ್ತು, ತೆಳ್ಳಗಿನ ಆಳು. ಅವನಿಗೂ ಧನಂಜಯನಿಗೂ ದಿನಾ ಜಗಳ, ದಿನಾ ಚಹಾ.

“ನಿಮ್ಮ ಕಂಪನಿ ನಿಮ್ಮನ್ನ ಬಿಟ್ಟ ಹೋತು, ನೀವು ಬಿಡವಲ್ರಿ. ಇದಕ್ಕ ಏನ್ ಅಂತಾರ್ರಿ?” ಎಂದು ಶೌಕತ್ ಕೆಣಕುವನು.

“ನಿಮ್ಮ ಟೊಯೊಟಾ ವ್ಯಾನ್‌ಗೆ ಮಾನ ಇದೆಯಾ ಶೌಕತ್ ಭಾಯ್? ಬರೀ ಹಾಲು ಹೊರತ್ತೆ,” ಎಂದು ಇವನು.

ನನಗೂ ಡ್ರೈವಿಂಗ್ ಕಲಿಸುತ್ತೇನೆಂದು ಧನಂಜಯ ಒಮ್ಮೆ ಫಾಲ್ಕನ್‌ನಲ್ಲಿ ಕೂರಿಸಿದ್ದ. ಬ್ರೇಕಿನಿಂದ ಕಾಲು ತೆಗೆದೆ, ಗಾಡಿ ತಾನಾಗಿ ಮುಂದೆ ಹೊರಟಿತು, ನಾನು ಕಿರುಚಿಕೊಂಡೆ. ಅವನು ಗೇರಿನ ಲಿವರ್ ಮುಟ್ಟಿ ತೋರಿಸಿದ. “ಆಟೋಮ್ಯಾಟಿಕ್ ಗಾಡಿ ಯಾವ್ದಾದ್ರೂ ಅಷ್ಟೇ ಆಂಟಿ. ಡಿ ಅಂದ್ರೆ ಡ್ರೈವ್, ಅದ್ರಲ್ಲಿದ್ರೆ ಸುಮ್ನೆ ನಿಲ್ಲಲ್ಲ, ತೆವಳ್ತಾನೇ ಇರತ್ತೆ. ಮೊದ್ಲು ಇದನ್ನ ಡಿ ಇಂದ ತೆಗೀಬೇಕು. ಬೇರೆದೆಲ್ಲ ಆಮೇಲೆ.” ಎರಡನೇ ಪಾಠಕ್ಕೆ ನಾನು ಹೋಗಲಿಲ್ಲ, ಆದರೆ ಆ ಮಾತು ಮರೆತಿರಲಿಲ್ಲ.

ಅವನ ಸಿಟ್ಟಿನ ವಿಷಯವನ್ನೂ ಹೇಳಬೇಕು. ಒಮ್ಮೆ ಸಿಗ್ನಲ್ಲಿನಲ್ಲಿ ಒಬ್ಬ ಹಿಂದಿನಿಂದ ತನ್ನ ಪಿಕಪ್ ಗಾಡಿಯನ್ನು ಫಾಲ್ಕನ್ನಿಗೆ ತಗುಲಿಸಿ, ವಾಪಸ್ ನಿನ್ನ ದೇಶಕ್ಕೆ ಹೋಗು ಎಂದಿದ್ದ. ಧನಂಜಯ ಇಳಿದು ಕಿಟಕಿಯೊಳಗೆ ಕೈ ಹಾಕಿ ಅವನ ಕತ್ತನ್ನು ಹಿಸುಕಿದ. ಪಕ್ಕದಲ್ಲಿದ್ದ ಶೌಕತ್ ಬಿಡಿಸದಿದ್ದರೆ ಅವತ್ತೇ ಒಂದು ಹೆಣ ಬೀಳುತ್ತಿತ್ತು. ಕೃಪಾ ನನ್ನೆದುರು ಕಣ್ಣೊರೆಸಿಕೊಂಡಳು. “ಸಿಟ್ಟು ಬಂದ್ರೆ ಇವ್ರಿಗೆ ಕಿವಿನೇ ಕೇಳ್ಸಲ್ಲ ಆಂಟಿ. ಎದುರಿಗಿರೋರು ಏನಂದ್ರೂ ಒಳಗೆ ಹೋಗಲ್ಲ,” ಎಂದಳು. ನಾವೆಲ್ಲ ಅದನ್ನು ನಂಬಿದ್ದೆವು.

೨೦೨೩ರ ಆಯುಧಪೂಜೆ ಸೋಮವಾರ ಬಂತು. ಇಲ್ಲಿನ ಕಾರ್ಮಿಕರ ದಿನದ ರಜೆಯೂ ಅವತ್ತೇ. ಧನಂಜಯ ಬೆಳಗ್ಗೆಯೇ ಫಾಲ್ಕನ್ ತೊಳೆದು ರಸ್ತೆ ಬದಿಗೆ ನಿಲ್ಲಿಸಿದ. ಬಾನೆಟ್ಟಿಗೆ ಅರಿಶಿನ ಕುಂಕುಮ, ಮುಂದೆ ಚೆಂಡುಹೂವಿನ ಹಾರ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಚಕ್ರ ಬಿಚ್ಚುವ ಉದ್ದನೆಯ ಸ್ಪ್ಯಾನರನ್ನೂ ಕುಂಕುಮವಿಟ್ಟು ತಟ್ಟೆಯಲ್ಲಿ ಇರಿಸಿದ್ದ. ಊದುಬತ್ತಿಯ ಹೊಗೆ ಒಳಗೆಲ್ಲ ಹೋಗಲಿ ಎಂದು ಬಾಗಿಲುಗಳನ್ನು ತೆರೆದಿಟ್ಟಿದ್ದೆವು. ಕೀ ಗಾಡಿಯಲ್ಲೇ ಇತ್ತು.

ಒಳಗೆ ದೇವರಿಗೆ ಮಂಗಳಾರತಿ ಹೊತ್ತಿಸಿ ಕೃಪಾ ಕರೆದಳು. ಧನಂಜಯ ಕೀ ತೆಗೆಯಲು ಬಗ್ಗಿದ. “ಪೂಜೆಯಾದ ಗಾಡಿದು ಕೀ ಕೀಳ್ತಾರೇನಯ್ಯಾ? ನಾಳೆವರೆಗೂ ಅಲುಗಿಸಬಾರ್ದು. ಬಾ ಒಳಗೆ, ಎರಡು ನಿಮಿಷ,” ಎಂದೆ ನಾನು. ಶಾಸ್ತ್ರ ಹೇಳುವ ಚಪಲ ನನಗೆ. ಅವನು ಕೈ ಹಿಂದೆಳೆದುಕೊಂಡ.

ಮಂಗಳಾರತಿ ಕಣ್ಣಿಗೆ ಒತ್ತಿಕೊಳ್ಳುವಷ್ಟರಲ್ಲಿ ಇಂಜಿನ್ ಗುಡುಗಿತು. ಓಡಿ ಬಂದೆವು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿದ್ದವು, ಹಾರ ತೂಗಾಡಿಸಿಕೊಂಡು ಫಾಲ್ಕನ್ ಮೂಲೆಯ ಕಡೆ ನುಗ್ಗುತ್ತಿತ್ತು. ಅದು ತಿರುಗಲಿಲ್ಲ. ನೇರವಾಗಿ ಶೌಕತ್‌ನ ಅಂಗಡಿಯ ಗಾಜಿಗೆ ಹೋಗಿ ಹೊಡೆಯಿತು. ಗಾಡಿ ಕದ್ದ ಕಳ್ಳರಿಬ್ಬರು ಅಂಗಡಿಯನ್ನು ಮೊದಲೇ ನೋಡಿಟ್ಟುಕೊಂಡಿದ್ದರು, ಗಾಜು ಗುದ್ದಿ ಒಡೆಯಲು ಒಂದು ಗಾಡಿ ಬೇಕಿತ್ತು. ನಾವು ಅಲಂಕಾರ ಮಾಡಿ ಕೊಟ್ಟೆವು.

ಧನಂಜಯ ತಟ್ಟೆಯಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡು ಓಡಿದ. ಪೂಜೆಗಿಟ್ಟ ಆಯುಧ ಅವತ್ತು ಮುಟ್ಟಬಾರದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೃಪಾ ಪೊಲೀಸರಿಗೆ ಫೋನ್ ಮಾಡತೊಡಗಿದಳು. ನಾನು ಮೊಣಕಾಲು ನೋವಿನಲ್ಲೇ ಅವನ ಹಿಂದೆ ಹೋದೆ.

ಅಂಗಡಿಯ ಅರ್ಧದವರೆಗೆ ಗಾಡಿ ಒಳನುಗ್ಗಿತ್ತು. ಐಸ್‌ಕ್ರೀಮ್ ಫ್ರೀಜರ್ ತುಂಬುತ್ತಿದ್ದ ಶೌಕತ್, ಫ್ರೀಜರಿಗೂ ಬಂಪರಿಗೂ ನಡುವೆ ಸಿಕ್ಕಿಕೊಂಡಿದ್ದ. ಬಲಗಾಲು ಆ ಸಂದಿಯೊಳಗೆ, ಎಡಗಾಲು ಹೊರಗೆ. ಕಳ್ಳರ ಕಣ್ಣು ಕಟ್ಟುವಂತೆ ಹೊಗೆ ಉಗುಳುವ ಯಂತ್ರ ಇಲ್ಲಿನ ಡೇರಿಗಳಲ್ಲಿ ಇರುತ್ತದೆ. ಅದರ ಗುಂಡಿ ಕೌಂಟರಿನ ಅಡಿಯಲ್ಲಿತ್ತು, ಅವನಿಗೆ ಎಟುಕಲಿಲ್ಲ. ಅದಕ್ಕೇ ವಿಡಿಯೋ ಅಷ್ಟು ಸ್ವಚ್ಛ.

ಒಬ್ಬ ಕಳ್ಳ ಸಿಗರೇಟಿನ ಚೀಲ ಹೊತ್ತು ನನ್ನನ್ನು ತಳ್ಳಿಕೊಂಡು ಓಡಿಹೋದ. ಗಾಡಿ ಓಡಿಸಿದವನು ಸುತ್ತಿಗೆ ಹಿಡಿದು ಎದುರಾದ. ಧನಂಜಯ ಬೀಸಿದ ಮೊದಲ ಏಟು ಮಣಿಕಟ್ಟಿಗೆ. ಸುತ್ತಿಗೆ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ದವಡೆಯ ಮೂಳೆ ಲಟಕ್ಕೆಂದಿತು, ಹಲ್ಲು, ರಕ್ತ ಗಾಜಿನ ಚೂರಿನ ಮೇಲೆ ಬಿದ್ದವು. ಅವನು ನೆಲಕ್ಕೆ ಬಿದ್ದು ಕೈ ಅಡ್ಡ ಹಿಡಿದು ಗೋಳಿಟ್ಟ. ಧನಂಜಯ ಆ ಕೈಯ ಮೇಲೆಯೇ ಹೊಡೆದ.

ಗಾಡಿಯ ಇಂಜಿನ್ ನಿಂತಿರಲಿಲ್ಲ. ಲಿವರ್ ಡಿಯಲ್ಲೇ ಇತ್ತು. ಶೌಕತ್ ಕೂಗುತ್ತಿದ್ದ. ನನಗೆ ಒಂದೊಂದು ಮಾತೂ ಕೇಳಿಸಿತು. ಎರಡು ಹೆಜ್ಜೆ ಹಾಕಿ ಗಾಡಿಯ ತೆರೆದ ಬಾಗಿಲಿನಿಂದ ಕೈ ಚಾಚಿದ್ದರೆ ಲಿವರ್ ನನ್ನ ಕೈಗೂ ಸಿಗುತ್ತಿತ್ತು. ನಾನು ಆ ಹೆಜ್ಜೆ ಹಾಕಲಿಲ್ಲ. ಅಷ್ಟರಲ್ಲಿ ಫ್ರೀಜರ್ ಕಿರ್ರೆಂದು ಓರೆಯಾಗಿ ಜಾರಿತು, ಗಾಡಿ ಮುಂದೆ ತೆವಳಿ ಗೋಡೆಗೆ ಒತ್ತಿತು. ಒದ್ದೆ ಕಟ್ಟಿಗೆ ಮುರಿದ ಹಾಗೊಂದು ಶಬ್ದ. ಎಂಟನೆಯ ಏಟು ಇಳಿಸಿ ಧನಂಜಯ ತಿರುಗಿದ. ಸ್ಪ್ಯಾನರ್ ಎಸೆದು ಗಾಡಿಗೆ ಹಾರಿ ಹಿಂದಕ್ಕೆ ತೆಗೆದ. ಬಂಪರಿನ ಚೆಂಡುಹೂವು ಶೌಕತ್‌ನ ಮೊಣಕಾಲಿನೊಳಗೆ ಅಂಟಿತ್ತು.

ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಕಳ್ಳನೂ ಬದುಕಿದ, ಈಗಲೂ ಸರಿಯಾಗಿ ಅಗಿಯಲು ಬರುವುದಿಲ್ಲವಂತೆ. ಧನಂಜಯನ ಮೇಲೂ ಮೊಕದ್ದಮೆ ಆಯಿತು. ಸಿಟ್ಟಿನಲ್ಲಿ ತನಗೆ ಏನೂ ಕೇಳಿಸಲಿಲ್ಲ, ಏನು ಮಾಡಿದೆನೆಂದೂ ತಿಳಿಯಲಿಲ್ಲ ಎಂದು ಅವನು ಹೇಳಿಕೆ ಕೊಟ್ಟ. ಗೆಳೆಯ ಸಾಯುತ್ತಿದ್ದ ಹೊತ್ತು ಎಂದು ನೋಡಿ ಕೋರ್ಟು ಜೈಲಿಲ್ಲದೆ ಬಿಟ್ಟಿತು. ಶೌಕತ್‌ನ ಹೆಂಡತಿ ಫಹಮಿದಾಗೂ ಅವನು ಅದನ್ನೇ ಹೇಳಿದ್ದ. ಆಕೆ ನಂಬಿದಳು. ಶೌಕತ್ ಮಾತ್ರ ನೋಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ.

“ನಿಮಗ ಕೇಳಿಸಿತ್ತೇನ್ರಿ?”

“ಇಲ್ಲ ಭಾಯ್. ದೇವ್ರಾಣೆ ಇಲ್ಲ.”

ಆಮೇಲೆ ಚಹಾ ಬರುತ್ತಿತ್ತು. ಇಬ್ಬರೂ ಕುಡಿದು ಲೋಟ ಇಡುತ್ತಿದ್ದರು. ಧನಂಜಯ ಫೋರ್ಡಿನ ಇತಿಹಾಸ ಹೇಳುವುದನ್ನು ಬಿಟ್ಟ. ಪೊಲೀಸರು ವಾಪಸ್ ಕೊಟ್ಟ ಫಾಲ್ಕನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದ. ನನ್ನ ಅಡುಗೆಮನೆ ಕಿಟಕಿಗೆ ಅದು ನೇರ ಕಾಣುತ್ತದೆ.

ಯುಗಾದಿ ಬಂತು. ನಮ್ಮ ಕನ್ನಡ ಸಂಘದ ಅಧ್ಯಕ್ಷ ಹರ್ಷವರ್ಧನ್, ಧೀರ ಧನಂಜಯನಿಗೆ ಸನ್ಮಾನ ಎಂದು ಸಾರಿದ. ಸಾಲದ್ದಕ್ಕೆ ಶೌಕತ್ ಕೈಯಲ್ಲೇ ಶಾಲು ಹೊದಿಸಬೇಕಂತೆ. ಧನಂಜಯ ಬೇಡವೆಂದ. ನೀನು ಬರದಿದ್ದರೆ ಶೌಕತ್ ಭಾಯ್‌ಗೆ ಅವಮಾನ ಎಂದು ಎಳೆದು ತಂದರು. ಮುನ್ನೂರು ಜನ, ಬೇವುಬೆಲ್ಲ, ಹೋಳಿಗೆ ಊಟ. ಶೌಕತ್ ಹೊಸ ಕಾಲಿನಲ್ಲಿ ಕೋಲೂರಿ ವೇದಿಕೆ ಹತ್ತಿದ. ಕಿಡಿಗೇಡಿ ಯಾರೋ ಪರದೆಯ ಮೇಲೆ ವಿಡಿಯೋ ಹಾಕಿ ಡೋಲು ನಗಾರಿ ಬಾರಿಸಿದ. ಜನ ಏಟಿಗೊಂದು ಚಪ್ಪಾಳೆ ತಟ್ಟಿದರು.

ಧನಂಜಯ ಮೈಕ್ ಕಿತ್ತುಕೊಂಡ. “ಆ ಡೋಲು ನಿಲ್ಸಿ. ಮೊದಲಿಂದ ಹಾಕಿ. ಇದ್ರಲ್ಲಿ ಸೌಂಡ್ ಇಲ್ಲ, ನಾನು ಹೇಳ್ತೀನಿ.”

ಹಾಕಿದರು. ಪರದೆಯಲ್ಲಿ ಸ್ಪ್ಯಾನರ್ ಮೇಲೆದ್ದಿತು.

“ಒಂದು. ‘ಧನಂಜಯ ಅವ್ರ, ಗಾಡಿ ಹಿಂದ ತಗೀರಿ’ ಅಂದ್ರು ಭಾಯ್. ಎರಡು. ‘ಅವನ್ನ ಬಿಡ್ರಿ, ಗಾಡಿ ತಗೀರಿ.’ ಮೂರಕ್ಕೂ ಅದೇ. ನಾಲ್ಕಕ್ಕೆ ‘ಒತ್ತಾಕತ್ತೈತಿ’ ಅಂದ್ರು. ಡಿ ಅಲ್ಲಿದ್ರೆ ತೆವಳತ್ತೆ ಅಂತ ನನಗೆ ಗೊತ್ತು. ಹದಿನೇಳು ವರ್ಷ ಗಾಡಿ ಕಟ್ಟಿದೋನು ನಾನು, ನನಗೆ ಗೊತ್ತಿಲ್ವಾ? ಇನ್ನೊಂದು ಹೊಡೆದು ಹೋಗೋಣ ಅನ್ಕೊಂಡೆ.” ಅವನು ಪರದೆಯ ಕಡೆ ಬೆರಳು ತೋರಿಸಿದ. “ಐದು. ಆರು. ಫಹಮಿದಾ ಹೆಸರು ಕೂಗಿದ್ರು. ಏಳಕ್ಕೆ ‘ನನ್ನ ಕಾಲು ಹೊಂಟಿತ್ರೀ’ ಅಂದ್ರು. ಕೇಳಿಸ್ತು. ಎಲ್ಲಾ ಕೇಳಿಸ್ತು. ನನ್ನ ಗಾಡಿ ಮುಟ್ಟಿದಾನೆ ಅನ್ನೋದೊಂದೇ ತಲೇಲಿತ್ತು.”

ಮುಂದಿನ ಸಾಲಿನಲ್ಲಿ ಫಹಮಿದಾ ಎದ್ದು ನಿಂತಿದ್ದಳು. ಪಕ್ಕದಲ್ಲಿ ಕೂತಿದ್ದ ನನ್ನ ನಾಲಗೆಯ ತುದಿಗೆ ಕೀಯ ಮಾತು ಬಂದಿತ್ತು, ಲಿವರಿನ ಮಾತೂ ಬಂದಿತ್ತು. ನಾನು ಏಳಲಿಲ್ಲ. ಎರಡೂ ಅವನ ತಪ್ಪಿನ ಹಿಂದೆ ಅಡಗಿಕೊಂಡವು.

ಶೌಕತ್ ಕೋಲೂರಿಕೊಂಡು ಹತ್ತಿರ ಬಂದ. ಶಾಲು ಕೈಯಲ್ಲೇ ಇತ್ತು. ಕೋಲು ಎತ್ತಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಧನಂಜಯ ತಲೆ ತಗ್ಗಿಸಿ ಕಾದ. ಶೌಕತ್ ಅದನ್ನು ಇಳಿಸಿ ಮೈಕಿನ ಕಡೆ ಬಗ್ಗಿದ.

“ಏಳಕ್ಕ ನಿಲ್ಲಿಸಬ್ಯಾಡ್ರಿ ಧನಂಜಯ ಅವ್ರ. ಎಂಟನೇದೂ ಐತಿ.”

ಧನಂಜಯ ತಲೆ ಎತ್ತಿದ.

“ಎಂಟಕ್ಕ ನಾ ಏನೂ ಅನ್ನಲಿಲ್ರೀ,” ಎಂದ ಶೌಕತ್. “ನೀವು ಕೇಳಿಸ್ಕೊಂತನ ಹೊಡ್ಯಾಕತ್ತೀರಿ ಅಂತ ಅಷ್ಟೊತ್ತಿಗೆ ನನಗ ಗೊತ್ತಾಗಿತ್ತು.”

ಶಾಲನ್ನು ಕುರ್ಚಿಯ ಮೇಲೆ ಹಾಕಿ, ಕೋಲೂರಿಕೊಂಡು ಅವನು ಮೆಟ್ಟಿಲು ಇಳಿದ.