ನಕ್ಷೆಯಲ್ಲಿ ನೆಟ್ಟಗಿದ್ದ ಕಾಲುವೆ

ಹಾಸಿಗೆ ಮಡಚಿಟ್ಟಿದ್ದು, ಹಗ್ಗದ ಮೇಲಿನ ಸೀರೆ ಮುಟ್ಟಿ ನೋಡಿ ಹಸಿಯಿದ್ದರೂ ಒಣಗಿದೆ ಎಂದುಕೊಂಡಿದ್ದು, ಎರಡೂ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟಿದ್ದು, ನನ್ನ ಹಿಂದಿನ ಗಾಲಿಗೆ ಗಾಳಿ ಹೊಡೆದಿದ್ದು, ರೊಟ್ಟಿ ಮತ್ತು ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿದ್ದು, ಬಾಟಲಿಗೆ ನೀರು ತುಂಬಿದ್ದು, ಗಂಡನ ಕನ್ನಡಕ ಹುಡುಕಿ ಅವರ ಕೈಗೇ ಕೊಟ್ಟಿದ್ದು. ಆ ದಿನ ಬೆಳಿಗ್ಗೆ ನಾನು ಮಾಡಿದ್ದು ಇಷ್ಟು. ಅವರು ಮಾಡಿದ್ದು ಒಂದೇ ಕೆಲಸ. ಯಾದಗಿರಿಯಲ್ಲಿ ರಾತ್ರಿ ನಮ್ಮನ್ನು ಇಟ್ಟುಕೊಂಡಿದ್ದ ಚಿಕ್ಕಮ್ಮನ ಕಟ್ಟೆಯ ಮೇಲೆ ನಿಂತು, ಬೀದರಿನ ಕೋಟೆ ಎಷ್ಟು ದೊಡ್ಡದೆಂದು ಎರಡೂ ಕೈ ಅಗಲಿಸಿ ತೋರಿಸಿದರು. ಕೈ ಸಾಲದೆ ಬಂದಾಗ ನನ್ನ ಸೈಕಲ್ಲನ್ನೂ ಸೇರಿಸಿಕೊಂಡು ಅಳತೆ ಹೇಳಿದರು.

ಅದು ನಮ್ಮ ಪ್ರವಾಸದ ಕಡೆಯ ದಿನ. ದಸರಾ ರಜೆಯಲ್ಲಿ ಸುರಪುರದಿಂದ ಹೊರಟು, ಸೈಕಲ್ ಮೇಲೆ ಬೀದರಿಗೆ ಹೋಗಿ, ಅದೇ ಸೈಕಲ್ ಮೇಲೆ ತಿರುಗಿ ಬರುತ್ತಿದ್ದೆವು. ನಾನು ಹಳ್ಳಿಯ ಶಾಲೆಗೆ ದಿನಾ ಸೈಕಲ್ ತುಳಿಯುವ ಮಾಸ್ತರಿಣಿ, ನನಗೆ ಅಂಥ ಹುಚ್ಚೇನೂ ಇರಲಿಲ್ಲ. ಇವರು ಕಾಲುವೆ ಕಚೇರಿಯಲ್ಲಿ ನಕ್ಷೆ ಪ್ರತಿ ಮಾಡುವವರು. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ತೆಳು ಹಾಳೆ ಹಾಸಿ ಮಸಿಯಲ್ಲಿ ತಿದ್ದುವುದು ಅವರ ನೌಕರಿ. ಒಂದು ದಿನ ಹೆಡ್ ಕ್ಲಾರ್ಕು ಇವರ ಹೊಟ್ಟೆ ನೋಡಿ, “ಸೈಕಲ್ ಮ್ಯಾಲ ಬೀದರಾ? ಶಹಾಪುರ ದಾಟೂದ್ರಾಗ ಯಾವುದರೆ ಲಾರಿಗೆ ಕೈ ಮಾಡ್ತೀರಿ” ಎಂದರಂತೆ. ಇವರಿಗೆ ಸಿಟ್ಟು ಬಂದು ಇಡೀ ಕಚೇರಿಯ ಮುಂದೆ ಆಣೆ ಮಾಡಿದರು: ಹೊರಟ ಮೇಲೆ ಮನೆ ಮುಟ್ಟುವ ತನಕ ಯಾವ ಗಾಡಿಯ ಮೇಲೂ ಕಾಲಿಡುವುದಿಲ್ಲ, ತಾನೂ, ತನ್ನ ಹೆಂಡತಿಯೂ. ಹೆಂಡತಿಗೆ ಈ ಸುದ್ದಿ ಸಂಜೆ ಚಹಾದ ಜೊತೆಗೆ ಸಿಕ್ಕಿತು.

ಆಣೆ ಮುರಿದರೆ ಆಗುವುದೇನೆಂದು ಇಬ್ಬರಿಗೂ ಗೊತ್ತಿತ್ತು. ಇವರು ನಿವೃತ್ತಿಯಾಗುವ ತನಕ ಆ ಕಚೇರಿಯಲ್ಲಿ ಲಾರಿ ಸಾಹೇಬರಾಗಿಯೇ ಕೂರಬೇಕಾಗುತ್ತಿತ್ತು. ಈ ಕಡೆಯ ದಿನ ಇಳಿಹೊತ್ತಿಗೆ ಹೆಡ್ ಕ್ಲಾರ್ಕು ಮಂದಿ ಕಟ್ಟಿಕೊಂಡು, ಹಾರ ಹಿಡಿದು, ಶಹಾಪುರದ ಸಡಕಿನ ಮೇಲೆ ಊರ ಹೊರಗೆ ಕಾಯುತ್ತಾರೆಂದು ಚಿಕ್ಕಮ್ಮನ ಮನೆಗೆ ಫೋನು ಬಂದಿತ್ತು. ಪ್ರೀತಿಗಲ್ಲ, ಪರೀಕ್ಷೆಗೆ.

ಭೀಮಾ ನದಿಯ ಸೇತುವೆ ದಾಟಿ ಶಹಾಪುರಕ್ಕೆ ಬಂದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಅಲ್ಲಿಯ ಗುಡ್ಡ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಆ ಸೀಮೆಗೆಲ್ಲ ಬುದ್ಧಿ ಇದ್ದವನು ಅವನೊಬ್ಬನೇ ಎಂದುಕೊಂಡೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಆಯಿತು. ಇನ್ನು ಸಡಕು ಹಿಡಿದರೆ ಹೊತ್ತಿರುವಾಗಲೇ ಮನೆ. ಆಗ ಇವರು ಬಾಯಿ ಒರೆಸಿಕೊಂಡು ಹೇಳಿದರು:

“ಸಡಕಿನ ಮ್ಯಾಲ ಬರೇ ಧೂಳಾ. ಕೆನಾಲ್ ದಂಡಿ ಹಿಡಿಯೂಣು. ಸೀದಾ ನಮ್ಮೂರಿಗೆ ಒಯ್ದ ಬಿಡ್ತದ.”

“ಸೀದಾ ಅದ ಅಂತ ಯಾರ ಹೇಳಿದ್ರಿ?”

“ಯಾರರೆ ಯಾಕ ಹೇಳಬೇಕ? ವರ್ಷಗಟ್ಲೆ ಆ ಕೆನಾಲ್ ಗೀರೀನಿ ನಾ. ಸ್ಕೇಲ್ ಇಟ್ಟ ಗೀರೀನಿ!”

ಸ್ಕೇಲ್ ಇಟ್ಟು ಗೀರಿದವರ ಮುಂದೆ ಮಾತಾಡಲು ನಾನು ಯಾರು? ಅವರು ವರ್ಷಗಟ್ಟಲೆ ತಿದ್ದಿದ್ದು ಕಾಲುವೆಯ ತಳ ಎಷ್ಟೆಷ್ಟು ಇಳಿಯುತ್ತದೆ ಎಂದು ತೋರಿಸುವ ನಕ್ಷೆಯಂತೆ. ಅದರಲ್ಲಿ ಕಾಲುವೆ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಒಂದೇ ಗೆರೆ. ಅದು ಯಾವ ಕಡೆ ತಿರುಗುತ್ತದೆ ಎಂಬುದು ಬೇರೆ ನಕ್ಷೆಯಲ್ಲಿರುತ್ತದೆ, ಅದು ಬೇರೆಯವರ ಮೇಜಿನ ಮೇಲಿರುತ್ತದೆ. ಈ ಜ್ಞಾನ ನನಗೆ ಸಂಜೆಯಾದ ಮೇಲೆ ದೊರೆಯಿತು.

ನೆಲದ ಮೇಲಿನ ಕಾಲುವೆಗೆ ಸ್ಕೇಲಿನ ಪರಿಚಯವಿರಲಿಲ್ಲ. ನೀರು ಗುಡ್ಡ ಹತ್ತುವುದಿಲ್ಲವಲ್ಲ, ಹಾಗಾಗಿ ಪ್ರತಿ ದಿಬ್ಬದ ಸೊಂಟ ಬಳಸಿ, ಪ್ರತಿ ತಗ್ಗಿನ ಅಂಚು ಹಿಡಿದು, ಸಂತೆಗೆ ಹೋದ ಹೆಂಗಸು ಎಲ್ಲರ ಮನೆ ಮುಂದೆ ನಿಂತು ಮಾತಾಡಿ ಬಂದ ಹಾಗೆ ಅದು ಬರುತ್ತಿತ್ತು. ಮೊದಮೊದಲು ಚೆನ್ನಾಗಿಯೇ ಇತ್ತು. ಹಿಂದೆ ಬರೀ ಜೋಳ, ತೊಗರಿ ಇದ್ದ ಕಡೆ ಭತ್ತ ಹಸಿರಾಗಿ ನಿಂತಿತ್ತು, ತಂಪು ಗಾಳಿ ಬೀಸುತ್ತಿತ್ತು. ಒಂದು ದೊಡ್ಡ ಹುಣಸೆಮರ ಬಂತು. ಬಹಳ ಹೊತ್ತು ತುಳಿದೆವು. ಮತ್ತೊಂದು ಹುಣಸೆಮರ ಬಂತು.

“ಇದು ಆಗಲೇ ನೋಡಿದ ಗಿಡಾ ಅದರಿ.”

“ಏ, ಇದು ಬ್ಯಾರೆ.”

“ಅದರ ಬುಡಕ ಅದೇ ಎಮ್ಮಿ ಮಲಗ್ಯಾದ.”

“ಎಮ್ಮಿ ಎಲ್ಲಾ ಒಂದೇ ನಮೂನಿ ಇರ್ತಾವ.”

ಮೂರನೆಯ ಸಲ ಅದೇ ಮರ ಕಂಡಾಗ ಎಮ್ಮೆ ಎದ್ದು ನಿಂತು ನಮ್ಮನ್ನು ನೋಡಿತು. ಕಾಲುವೆ ಆ ಮರವಿದ್ದ ತಗ್ಗನ್ನೇ ಮೂರು ಕಡೆಯಿಂದ ಬಳಸಿ ಹೋಗುತ್ತಿತ್ತು.

ಹೊತ್ತು ಇಳಿದಾಗ ಸುರಪುರದ ಗುಡ್ಡ ಕಂಡಿತು. ಇವರು ಬೆಲ್ ಬಾರಿಸಿದರು, ಕಾಲುವೆಯ ಮೀನುಗಳಿಗೆ ಇರಬೇಕು. ಗುಡ್ಡವೇನೋ ಇತ್ತು, ಆದರೆ ಆಚೆ ದಂಡೆಗೆ. ನಾವು ಈಚೆ ದಂಡೆಯಲ್ಲಿದ್ದೆವು. ನಡುವೆ ತುಂಬಿದ ಕಾಲುವೆ, ಕಣ್ಣಳತೆಯಲ್ಲಿ ದಾಟಲು ಒಂದು ಹಲಗೆಯೂ ಇಲ್ಲ. ಅಲ್ಲಿ ಸಡಕಿನ ಮೇಲೆ ಹಾರ ಹಿಡಿದವರು ಕಾಯುತ್ತಿದ್ದರು, ಹೊತ್ತು ಹೋಗುತ್ತಿತ್ತು.

ಆಗಲೇ ಹಿಂದಿನಿಂದ ಖಾಲಿ ಟ್ರೇಲರ್ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ಚಾಲಕ ನಿಲ್ಲಿಸಿ ಕೇಳಿದ, “ಎಲ್ಲಿಗ್ರಿ ಸರ?”

“ಸುರಪುರ.”

“ಅದು ಆ ದಂಡಿಗಿ ಅದಲ್ರಿ! ಬ್ರಿಜ್ ಮುಂದ ಬಾಳ ದೂರ ಅದ, ಕತ್ತಲಾಗ್ತದ. ಸೈಕಲ್ ಮ್ಯಾಲ ಒಗೀರಿ, ಹತ್ರಿ ಇಬ್ಬರೂ.”

ಇವರು ಟ್ರ್ಯಾಕ್ಟರ್ ನೋಡಲಿಲ್ಲ, ನನ್ನನ್ನು ನೋಡಿದರು. “ನೀ ಹತ್ತು. ನಿನ್ನ ಮಣಕಾಲ ಬ್ಯಾನಿ ಅದ. ನಾ ತುಳಕೋತ ಬರ್ತೀನಿ.”

ಬೀದರಿಗೆ ಹೋಗುವಾಗಲೂ ಬರುವಾಗಲೂ ನನ್ನ ಮೊಣಕಾಲಿನ ವಿಷಯ ಬಂದಿರಲಿಲ್ಲ. ನಾನು ಸೈಕಲ್ ಅವರ ಕೈಗೆ ಕೊಟ್ಟು ಟ್ರೇಲರಿನ ಕಬ್ಬಿಣದ ಮೇಲೆ ಒಂದು ಕಾಲಿಟ್ಟೆ. ಬಿಸಿಲಿಗೆ ಕಾದ ಕಬ್ಬಿಣವೂ ಹಿತವೆನಿಸಿತು.

“ಅಲ್ಲಿ ಹೋಗಿ ಅವರಿಗೆ ಏನ್ ಹೇಳ್ಲಿ?” ಎಂದೆ.

ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸತೊಡಗಿದರು. “ಇದ್ದದ್ದ ಹೇಳು. ದಾರಿ ತಪ್ಪಿಸಿದಾವ ನಾನ ಅಂತ ಹೇಳು.”

ಮದುವೆಯಾದಾಗಿನಿಂದ ಕಾಯುತ್ತಿದ್ದ ಮಾತು, ಬಂದದ್ದು ಕಾಲುವೆ ದಂಡೆಯ ಮೇಲೆ, ಒಬ್ಬ ಟ್ರ್ಯಾಕ್ಟರಿನವನ ಸಾಕ್ಷಿಯಲ್ಲಿ. ಇಷ್ಟು ದೂರ ಜೊತೆಗೆ ತುಳಿದ ಮೇಲೆ, ಅರೆಬೆಂದ ಬೇಳೆ ಇಳಿಸಿದ ಹಾಗೆ ನಡುವೆ ಬಿಡುವುದು ನನಗಾಗದು. ಕಾಲು ತೆಗೆದೆ.

“ಬ್ಯಾಡ್ರಿ ಅಣ್ಣಾ, ನೀವ ನಡೀರಿ.”

“ನಿಮ್ಮ ಖುಷಿರಿ ಅಕ್ಕೋರೆ. ಕತ್ತಲಾಗ ಕೆನಾಲಿಗೆ ಬಿದ್ದಗಿದ್ದೀರಿ, ನೀರು ಮತ್ತ ಶಹಾಪುರಕ್ಕ ಒಯ್ತದ. ಅದಕ್ಕ ಮಾತ್ರ ತುಳೀಬೇಕಾಗಿಲ್ಲ” ಎಂದು ಹೊರಟುಹೋದ.

ಸೇತುವೆ ಸಿಕ್ಕಿತು. ದಾಟಿ, ಹೊಲದ ದಾರಿ ಹಿಡಿದು, ಊರಿನ ಹಿಂಭಾಗದಿಂದ, ಕಳ್ಳರು ಬರುವ ಕಡೆಯಿಂದ ನಾವು ಮನೆಗೆ ಬಂದಾಗ ದೀಪ ಹಚ್ಚಿದ್ದರು. ಅತ್ತೆ ಕಾಲಿಗೆ ನೀರು ಕೊಡುವಷ್ಟರಲ್ಲಿ ಹೆಡ್ ಕ್ಲಾರ್ಕು ಇಬ್ಬರನ್ನು ಕರೆದುಕೊಂಡು, ಬಾಡಿದ ಚೆಂಡುಹೂವಿನ ಹಾರದ ಸಮೇತ ಬಾಗಿಲಿಗೆ ಬಂದೇಬಿಟ್ಟರು.

“ಇಳಿಹೊತ್ತಿನಿಂದ ಸಡಕಿನ ಮ್ಯಾಲ ನಿಂತೀವ್ರಿ. ಒಂದ ಸೈಕಲ್ ಬರಲಿಲ್ಲ. ನೀವು ನೋಡಿದ್ರ ಮನ್ಯಾಗ ಇದ್ದೀರಿ. ಯಾವ ಲಾರಿ ಸಿಕ್ಕಿತ್ರಿ?”

ಇವರು ಕೆನಾಲ್ ಎಂದರು, ಹುಣಸೆಮರ ಎಂದರು. ಒಬ್ಬ ಗುಮಾಸ್ತ ಬಾಯಿಗೆ ಟವೆಲ್ಲು ಹಿಡಿದುಕೊಂಡ. ಸಡಕು ಬಿಟ್ಟು ಕಾಲುವೆ ಸುತ್ತಿ ಬಂದೆವೆಂದರೆ ನಂಬುವವರಾದರೂ ಯಾರು? ಇವರ ಮುಖ ಸಣ್ಣದಾಯಿತು. ಹೆಡ್ ಕ್ಲಾರ್ಕು ನನ್ನ ಕಡೆ ತಿರುಗಿದರು.

“ಅಕ್ಕೋರೆ, ನೀವ ಹೇಳ್ರಿ. ಖರೇನ ಯಾವ ಗಾಡಿ ಮ್ಯಾಲೂ ಕಾಲ ಇಟ್ಟಿಲ್ಲೇನು?”

“ನಾ ಒಂದ ಕಾಲ ಇಟ್ಟಿದ್ದೆ, ಟ್ರ್ಯಾಕ್ಟರ್ ಮ್ಯಾಲ. ಮತ್ತ ತಗದೆ. ಇವರು ಅದನ್ನೂ ಇಟ್ಟಿಲ್ಲ. ಸುರಪುರಕ್ಕ ಬರಾಕ ಎಷ್ಟ ತುಳೀಬೇಕೋ ಅದಕ್ಕಿಂತ ಎರಡ ಪಟ್ಟ ತುಳದೀವಿ. ನಿಮ್ಮ ಕೆನಾಲ್ ಬಾಳ ಸೀದಾ ಅದ ನೋಡ್ರಿ, ಅದಕ್ಕ.”

ಹೆಡ್ ಕ್ಲಾರ್ಕಿನ ಹೊಟ್ಟೆ ಮೊದಲು ನಕ್ಕಿತು, ಬಾಯಿ ಆಮೇಲೆ. “ಆ ಒಂದ ಕಾಲಿಗೆ ನಂಬೀನ್ರಿ” ಎಂದು ಹಾರವನ್ನು ಇವರ ಕೊರಳಿಗೆ ಹಾಕಿದರು. ಲಾರಿಯ ಹೆಸರು ಆ ಕಚೇರಿಯಲ್ಲಿ ಮತ್ತೆ ಬರಲಿಲ್ಲ. ಹುಣಸೆಮರದ ಹೆಸರು ಬಂತು, ಅದು ಬೇರೆ ಮಾತು.

ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಇವರು ಹಾರ ಹಾಕಿಕೊಂಡೇ ಉಂಡರು. ಉಂಡ ಮೇಲೆ ಅತ್ತೆಗೆ ಕೋಟೆಯ ಅಳತೆ ತೋರಿಸಲು ಕೈ ಅಗಲಿಸಿದರು. ನಾನು ತಾಟು ಅಲ್ಲೇ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಉರುಳಿದೆ. ಬಚ್ಚಲಲ್ಲಿ ಒಂದು ತಾಟು ಬಿದ್ದ ಸದ್ದು, ಅತ್ತೆ “ಇಡೋ ಅದನ್ನ, ನಿನಗ ಬರೂದಿಲ್ಲ” ಎಂದಿದ್ದು ಕೇಳಿಸಿತು. ಏಳಲಿಲ್ಲ. ಆ ರಾತ್ರಿ ಮೊದಲು ನಿದ್ದೆ ಹೋದವಳು ನಾನು.